ಗಾಡಿ ಎಲ್ಲಿದೆ?
(ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಸಾಫ್ಟ್‌ವೇರ್‌ನವನು, ಕಂಪ್ಯೂಟರ್ ಬಗ್ಗೆ ಹೇಳುತ್ತಾನೆ ಎಂದುಕೊಂಡಿರುತ್ತೀರಿ. ನಾನು ಶೂನ್ಯದ ಬಗ್ಗೆ ಎರಡು ಮಾತು ಆಡುತ್ತೇನೆ. ಗಣಿತ ಪರೀಕ್ಷೆಯಲ್ಲಿ ಮೇಷ್ಟ್ರು ನನಗೆ ಕೊಡುತ್ತಿದ್ದ ಶೂನ್ಯವಲ್ಲ. ಬೌದ್ಧರು ಹೇಳುವ ಶೂನ್ಯತೆ.

ಕೆಲವು ವರ್ಷಗಳ ಹಿಂದೆ ಬೈಲಕುಪ್ಪೆಗೆ ಹೋಗಿದ್ದೆ. ಅಲ್ಲಿನ ಸೆರಾ ಮಠದ ಅಂಗಳದಲ್ಲಿ ಟಿಬೆಟನ್ ಭಿಕ್ಷುಗಳು ಚಪ್ಪಾಳೆ ತಟ್ಟಿ ತಟ್ಟಿ ವಾದ ಮಾಡುತ್ತಿದ್ದರು. ವಿಷಯ ಏನೆಂದು ಕೇಳಿದೆ. ವಸ್ತುಗಳಿಗೆ ತಮ್ಮದೇ ಆದ ಸ್ವಭಾವ ಇದೆಯೇ ಎಂಬುದಂತೆ! ಆ ಕುತೂಹಲ ನನ್ನನ್ನು ಓದಿಗೆ ಹಚ್ಚಿತು.

ಪಾಲಿ ಭಾಷೆಯ 'ಮಿಲಿಂದಪನ್ಹ'ದಲ್ಲಿ ಗ್ರೀಕ್ ಮೂಲದ ರಾಜ ಮಿಲಿಂದನು ರಥದಲ್ಲಿ ಬಂದು ನಾಗಸೇನ ಭಿಕ್ಷುವನ್ನು ಕಾಣುತ್ತಾನೆ. ರಥ ಯಾವುದು ಎಂದು ನಾಗಸೇನ ಕೇಳುತ್ತಾನೆ. ಅಚ್ಚೇ? ಗಾಲಿಯೇ? ನೊಗವೇ? ಇವೆಲ್ಲ ಬಿಟ್ಟು ಬೇರೆಯೇ? ರಾಜ ಎಲ್ಲದಕ್ಕೂ ಅಲ್ಲ ಎನ್ನಬೇಕಾಗುತ್ತದೆ. ನಮ್ಮೂರಿನ ಎತ್ತಿನ ಗಾಡಿಯೂ ಹಾಗೆಯೇ. ಹಾಗೆಂದು ಗಾಡಿ ಇಲ್ಲವೆಂದಲ್ಲ, ಭತ್ತ ಹೊರುತ್ತದಲ್ಲ! ಆದರೆ ತನ್ನಷ್ಟಕ್ಕೆ ತಾನೇ ಇಲ್ಲ. ಕಾರಣಗಳು ಕೂಡಿದಾಗ ಇರುತ್ತದೆ, ಚದುರಿದಾಗ ಇಲ್ಲವಾಗುತ್ತದೆ. ಇದು ಪ್ರತೀತ್ಯಸಮುತ್ಪಾದ. ಇದನ್ನೇ ಶೂನ್ಯತೆ ಎನ್ನುತ್ತೇವೆ ಎಂದವನು 'ಮೂಲಮಧ್ಯಮಕಕಾರಿಕೆ' ಬರೆದ ನಾಗಾರ್ಜುನ.

ಎಲ್ಲವೂ ಶೂನ್ಯವಾದರೆ ದುಃಖವೂ ಸುಳ್ಳು, ಬಿಡುಗಡೆಯ ದಾರಿಯೂ ಸುಳ್ಳಲ್ಲವೇ ಎಂಬ ಆಕ್ಷೇಪಕ್ಕೆ ಅವನು 24ನೇ ಪ್ರಕರಣದಲ್ಲಿ ತಿರುಗಿ ಉತ್ತರಿಸುತ್ತಾನೆ. ವಸ್ತುಗಳಿಗೆ ಬದಲಾಗದ ಸ್ವಭಾವವಿದ್ದರೇ ಏನೂ ನಡೆಯದು, ದುಃಖ ಎಂದೂ ತೀರದು. ಮಕ್ಕಳೇ, ನಿಮ್ಮನ್ನು ಯಾರಾದರೂ ದಡ್ಡ ಎಂದರೆ ಇದನ್ನು ನೆನಪಿಡಿ. ದಡ್ಡತನಕ್ಕೂ ಸ್ವಂತ ಸ್ವಭಾವವಿಲ್ಲ.

ಇದನ್ನೆಲ್ಲ ಓದಿದ ಮೇಲೂ ನಾನೊಂದು ತಪ್ಪು ಮಾಡಿದೆ. ನಾನು 8ನೇ ತರಗತಿಯಲ್ಲಿದ್ದಾಗ ಅಪ್ಪ ಹಾಸಿಗೆ ಹಿಡಿದರು. ಅಣ್ಣ ಓದು ಬಿಟ್ಟು ನೇಗಿಲು ಹಿಡಿದ. ನಾನು ಬಿಇ ಮುಗಿಸಿದೆ. ಮುಂದೆ ಆಸ್ತಿ ಪಾಲಾಗುವಾಗ ಹಿರಿಯರ ಎದುರು, "ಈ ಮನೆ ನನ್ನೊಬ್ಬನ ದುಡಿಮೆ" ಎಂದುಬಿಟ್ಟೆ. ಅಣ್ಣ ಏನೂ ಅನ್ನದೆ ಎದ್ದುಹೋದ.

ಆ ರಾತ್ರಿ ನಿದ್ದೆ ಬರಲಿಲ್ಲ. 'ನನ್ನ ದುಡಿಮೆ' ಎಂಬ ಗಾಡಿಯನ್ನು ಬಿಚ್ಚಿ ನೋಡಿದೆ. ಅಣ್ಣನ ನೇಗಿಲು, ಅಮ್ಮನ ಹಾಲಿನ ದುಡ್ಡು, ಶಾಲೆ ಬಿಟ್ಟ ಮೇಲೂ ಲೆಕ್ಕ ಹೇಳಿಕೊಟ್ಟ ಮೇಷ್ಟ್ರು, ಸೈಕಲ್ ಮೇಲೆ ಕೂರಿಸಿಕೊಂಡು ಬಂದ ಗೆಳೆಯ. ಇವನ್ನೆಲ್ಲ ತೆಗೆದರೆ 'ನನ್ನೊಬ್ಬನ' ಎನ್ನುವುದು ಕೈಗೆ ಸಿಗಲೇ ಇಲ್ಲ.

ಬುದ್ಧ ಹೇಳಿದ 12 ಕೊಂಡಿಗಳ ಸರಪಳಿಯಲ್ಲಿ ವೇದನೆಯಿಂದ ತೃಷ್ಣೆ ಹುಟ್ಟುತ್ತದೆ. ಅಭ್ಯಾಸ ಬೇಕಾಗಿರುವುದು ಆ ಎರಡರ ನಡುವೆ. ಮನಸ್ಸಿಗೆ ಚುಚ್ಚಿದಾಗ ಉಸಿರಿನ ಕಡೆ ಗಮನ ಕೊಟ್ಟು, ಇದು ಯಾವ ಯಾವ ಕಾರಣದಿಂದ ಎದ್ದಿತು ಎಂದು ನೋಡುವುದು. ನನಗಿನ್ನೂ ದಿನವೂ ಆಗುವುದಿಲ್ಲ; ಪ್ರಯತ್ನದಲ್ಲಿದ್ದೇನೆ.

ಅಣ್ಣ ಹಿಂದಿನ ಸಾಲಿನಲ್ಲಿ ಕುಳಿತಿದ್ದಾನೆ. ಆ ಮಾತನ್ನು ನಾಲ್ಕು ಜನರ ಎದುರು ಆಡಿದ್ದೆ. ಕ್ಷಮೆಯನ್ನು ಊರಿನ ಎದುರೇ ಕೇಳುತ್ತಿದ್ದೇನೆ. ಅಣ್ಣಾ, ಮನೆ ನಮ್ಮಿಬ್ಬರದು.

50 ವರ್ಷ ನಮ್ಮೆಲ್ಲರಿಗೆ ಕಾರಣವಾದ ಈ ಶಾಲೆಗೆ ನನ್ನ ವಂದನೆಗಳು.