ಬಿಸಿಲು ಮತ್ತು ಕೇಪಿನ ಕೋವಿಯ ಗುರಿ

ಕಬ್ಬಿಣದ ನಳಿಗೆಗೆ ಮದ್ದು ತುಂಬುವ ವಿದ್ಯೆ ನಮ್ಮ ಶಿವಮೊಗ್ಗ ಜಿಲ್ಲೆಗೆ ಹೊಸದಲ್ಲ. ಹೊಸನಗರ ತಾಲ್ಲೂಕಿನ ನಗರ, ಅಂದರೆ ಹಿಂದಿನ ಬಿದನೂರು, ಅಲ್ಲಿ 2018ರಲ್ಲಿ ಬಾವಿಯೊಂದರ ಹೂಳು ತೆಗೆದಾಗ ಸಿಕ್ಕ ಕಬ್ಬಿಣದ ನಳಿಗೆಯ ಸಾವಿರಕ್ಕೂ ಹೆಚ್ಚು ಹಳೆಯ ರಾಕೆಟ್ಟುಗಳೇ ಅದಕ್ಕೆ ಸಾಕ್ಷಿ. ಅದೇ ಕರಿಮದ್ದನ್ನು ನಳಿಗೆಯ ಬಾಯಿಂದ ಸುರಿದು, ಗುಂಡಿನೊಡನೆ ಬಟ್ಟೆಯನ್ನೋ ನಾರನ್ನೋ ಗಿಡಿದು, ಗಜದಿಂದ ಕುಟ್ಟಿ, ಕಿಡಿ ಹತ್ತಿಸುವ ಕೇಪು ಸಿಡಿಸಿ ಹೊಡೆಯುವ ಕೋವಿ ಮಲೆನಾಡಿಗೂ ಕೊಡಗಿಗೂ ಚಿರಪರಿಚಿತ. ಈ ಕೋವಿಯ ಗುರಿಯನ್ನು ಹವೆಯ ಬಿಸಿ ಹೇಗೆ ಬದಲಿಸುತ್ತದೆ ಎಂಬುದು ಇಂದಿನ ವಿಚಾರ. ಬಿಸಿ ನೇರವಾಗಿ ಗುಂಡಿಗೆ ಮಾಡುವುದು ಅತ್ಯಲ್ಪ. ನಳಿಗೆಯಲ್ಲಿ ಉಳಿಯುವ ಕಿಟ್ಟದ ಮೂಲಕ ಮಾಡುವುದೇ ಬಹಳ. ಇದು ನನ್ನ ವಾದ.

ಬಿಸಿಗೆ ಕಬ್ಬಿಣ ಹಿಗ್ಗುತ್ತದೆ, ನಳಿಗೆ ಅಗಲವಾಗಿ ಗುಂಡು ಸಡಿಲವಾಗುತ್ತದೆ ಎಂದು ಕೆಲವರು ಹೇಳಬಹುದು. 1923ರಿಂದ ಕಬ್ಬಿಣ ಕರಗಿಸಿದ ಭದ್ರಾವತಿಯವರಿಗೆ ಲೋಹ ಹಿಗ್ಗುವುದನ್ನು ವಿವರಿಸಬೇಕಾಗಿಲ್ಲ. ಎಷ್ಟು ಹಿಗ್ಗುತ್ತದೆ ಎಂಬುದನ್ನಷ್ಟೇ ನೋಡೋಣ. ಹದಿನೈದು ಮಿಲಿಮೀಟರ್ ಅಗಲದ ಉಕ್ಕಿನ ನಳಿಗೆ 50 ಡಿಗ್ರಿ ಹೆಚ್ಚು ಕಾದರೂ ಹಿಗ್ಗುವುದು ಒಂದು ಮಿಲಿಮೀಟರಿನ ನೂರನೇ ಒಂದು ಭಾಗಕ್ಕಿಂತ ಕಡಿಮೆ. ಗುಂಡಿಗೆ ಸುತ್ತುವ ಬಟ್ಟೆಯ ದಪ್ಪ ಅದರ ಹತ್ತಾರು ಪಟ್ಟು. ಇನ್ನು ಗಾಳಿ. ಚಳಿಗಾಲದ ಬೆಳಗಿನ 15 ಡಿಗ್ರಿಯಿಂದ ಬೇಸಿಗೆ ಮಧ್ಯಾಹ್ನದ 37 ಡಿಗ್ರಿಗೆ ಬಂದಾಗ ಗಾಳಿ ನೂರಕ್ಕೆ ಏಳರಷ್ಟು ಹಗುರಾಗುತ್ತದೆ, ಗುಂಡಿಗೆ ತಡೆಯೂ ಅಷ್ಟು ತಗ್ಗುತ್ತದೆ. ಆದರೆ ಐವತ್ತು ಮೀಟರ್ ದೂರದಲ್ಲಿ ಇದರಿಂದಾಗುವ ಏರುಪೇರು ಕೆಲವೇ ಮಿಲಿಮೀಟರ್. ಮದ್ದಿನ ಮಾತೂ ಹೀಗೆಯೇ. ಉರಿಯುವಾಗ ಸುಮಾರು ಎರಡು ಸಾವಿರ ಡಿಗ್ರಿ ಮುಟ್ಟುವ ಕರಿಮದ್ದಿಗೆ ಹವೆಯ ಇಪ್ಪತ್ತು ಡಿಗ್ರಿ ದೊಡ್ಡದಲ್ಲ.

ಹಾಗಿದ್ದರೂ ಒಂದೇ ಕೋವಿಯ ಮೊದಲ ಈಡಿಗೂ ಐದನೆಯ ಈಡಿಗೂ ಗುರಿ ಬೇರೆಯಾಗುವುದೇಕೆ? ಹೊಗೆರಹಿತ ಮದ್ದು ಹೆಚ್ಚುಕಡಿಮೆ ಪೂರ್ತಿ ಅನಿಲವಾಗುತ್ತದೆ, ಕರಿಮದ್ದು ಹಾಗಲ್ಲ. ಬ್ರಿಟನ್ನಿನ ಆಂಡ್ರ್ಯೂ ನೋಬಲ್ ಮತ್ತು ಫ್ರೆಡರಿಕ್ ಏಬಲ್ 19ನೇ ಶತಮಾನದಲ್ಲಿ ಮುಚ್ಚಿದ ಪಾತ್ರೆಯಲ್ಲಿ ಕರಿಮದ್ದು ಸುಟ್ಟು ಅಳೆದು ನೋಡಿದರು. ತೂಕದ ಅರ್ಧಕ್ಕೂ ಹೆಚ್ಚು ಭಾಗ ಘನ ಪದಾರ್ಥವಾಗಿ ಉಳಿಯಿತು. ಅದರಲ್ಲಿ ಒಂದಷ್ಟು ಹೊಗೆಯಾಗಿ ಹೊರಗೆ ಹೋದರೆ ಮಿಕ್ಕದ್ದು ನಳಿಗೆಯ ಒಳಮೈಗೆ ಕಿಟ್ಟವಾಗಿ ಹತ್ತುತ್ತದೆ. ಈ ಕಿಟ್ಟದಲ್ಲಿರುವ ಪೊಟ್ಯಾಸಿಯಂ ಕಾರ್ಬನೇಟ್ ಗಾಳಿಯ ತೇವ ಹೀರುವ ಲವಣ. ಹವೆ ಒದ್ದೆಯಾಗಿದ್ದರೆ ಕಿಟ್ಟ ಮೆತ್ತಗಿದ್ದು, ಮುಂದಿನ ಗುಂಡು ಇಳಿಯುವಾಗ ಒರೆಸಿಕೊಂಡು ಹೋಗುತ್ತದೆ. ಮಾರ್ಚ್, ಏಪ್ರಿಲ್ ತಿಂಗಳ ಒಣಬಿಸಿಲಿನಲ್ಲಿ, ಅದರಲ್ಲೂ ಬಿಡುವಿಲ್ಲದೆ ಹೊಡೆದು ನಳಿಗೆ ಕಾದಾಗ, ಅದು ಒಣಗಿ ಹಕ್ಕಳೆಗಟ್ಟುತ್ತದೆ. ಆಗ ಗುಂಡನ್ನು ಕುಟ್ಟಲು ಪ್ರತಿ ಸಲವೂ ಹೆಚ್ಚು ಬಲ ಬೇಕು. ಸೀಸದ ಗುಂಡು ನಜ್ಜಾಗುತ್ತದೆ, ಮದ್ದಿನ ಮೇಲಿನ ಒತ್ತು ಈಡಿನಿಂದ ಈಡಿಗೆ ಬದಲಾಗುತ್ತದೆ, ವೇಗವೂ ಬದಲಾಗುತ್ತದೆ. ನಳಿಗೆಯ ಬದಿಗೆ ಉಜ್ಜಿ ಹೊರಬಿದ್ದ ಗುಂಡು ಸುತ್ತುತ್ತಾ ಗಾಳಿಯಲ್ಲಿ ಪಕ್ಕಕ್ಕೆ ಬಾಗುತ್ತದೆಂದು ಬೆಂಜಮಿನ್ ರಾಬಿನ್ಸ್ 18ನೇ ಶತಮಾನದಲ್ಲೇ ತೋರಿಸಿದ್ದರು. ಸಮವಿಲ್ಲದ ಕಿಟ್ಟ ಈ ಉಜ್ಜಾಟವನ್ನು ಹೆಚ್ಚಿಸುತ್ತದೆ.

ಬಟ್ಟೆಗೆ ಹಚ್ಚುವ ಜಿಡ್ಡಿಗೂ ಬಿಸಿಯ ಹಂಗಿದೆ. ಚಳಿಯ ಬೆಳಗ್ಗೆ ಬಾಟಲಿಯಲ್ಲೇ ಹೆಪ್ಪುಗಟ್ಟುವ ಕೊಬ್ಬರಿ ಎಣ್ಣೆ ಹಗಲಿಗೆ ಕರಗುವಂತೆ, ಮೆದು ಜಿಡ್ಡು ಕಾದ ನಳಿಗೆಯಲ್ಲಿ ನೀರಾಗಿ ಮದ್ದಿಗೆ ಇಳಿದು ಅದನ್ನು ಸತ್ವಗೆಡಿಸುತ್ತದೆ. ಸುಮಾರು 62 ಡಿಗ್ರಿಯವರೆಗೆ ಕರಗದ ಜೇನುಮೇಣವನ್ನು ಬೇಸಿಗೆಯಲ್ಲಿ ಬೆರೆಸುವುದು ಇದಕ್ಕಾಗಿಯೇ. ಹಾಗಾದರೆ ಮಳೆಗಾಲವೇ ಗುರಿಗೆ ಒಳ್ಳೆಯದಲ್ಲವೆ ಎಂದು ಕೇಳಬಹುದು. ಕಿಟ್ಟದ ಮಟ್ಟಿಗೆ ಹೌದು, ಮದ್ದಿನ ಮಟ್ಟಿಗೆ ಅಲ್ಲ. ಮದ್ದಿಗೆ ಬೆರೆಸುವ ಪೆಟ್ಲುಪ್ಪು ಶುದ್ಧವಾಗಿದ್ದರೆ ಅಷ್ಟು ಸುಲಭಕ್ಕೆ ತೇವ ಹಿಡಿಯದು. ಅದರಲ್ಲಿ ಅಡುಗೆ ಉಪ್ಪಿನಂಥ ಕಲಬೆರಕೆಯಿದ್ದರೆ ಬೇಗ ಒದ್ದೆಯಾಗುತ್ತದೆ. ಆಗುಂಬೆಯಂಥ ಊರಿನ ಮಳೆಹವೆಯಲ್ಲಿ ಅಂಥ ಮದ್ದು ತಡವಾಗಿ ಹತ್ತುತ್ತದೆ. ಆ ಅರೆಕ್ಷಣದಲ್ಲಿ ಕೈ ಅಲುಗಿದರೆ ಗುರಿ ಹೋಯಿತು.

ಹತ್ತಾರು ಮೀಟರ್ ದೂರಕ್ಕೆ ಚರೆ ಹೊಡೆಯುವ ಕೋವಿಗೆ ಇಷ್ಟು ಲೆಕ್ಕವೇಕೆ ಎಂಬ ಆಕ್ಷೇಪ ಉಳಿಯಿತು. ಗುರಿಗಿಂತ ದೊಡ್ಡದು ಜೀವ. ಒಣಗಿದ ಕಿಟ್ಟಕ್ಕೆ ಸಿಕ್ಕಿ ಗುಂಡು ನಡುದಾರಿಯಲ್ಲೇ ನಿಂತು, ಅದಕ್ಕೂ ಮದ್ದಿಗೂ ನಡುವೆ ತೆರಪು ಉಳಿದರೆ ನಳಿಗೆಯೇ ಸೀಳಬಹುದು. ಕಾದ ನಳಿಗೆಯಲ್ಲಿ ಕೆಂಡದ ಕಿಡಿ ಉಳಿದಿದ್ದರೆ ಸುರಿಯುವ ಮದ್ದು ಕೈಯಲ್ಲೇ ಹತ್ತಬಹುದು. ಆದ್ದರಿಂದ ಪರವಾನಗಿ ಇರುವ ಕೋವಿಗಾರರು ಪ್ರತಿ ಈಡಿನ ನಂತರ ತಡೆದು ನಿಂತು, ಒದ್ದೆ ಬಟ್ಟೆಯಿಂದ ನಳಿಗೆ ಒರೆಸಿ, ಒಣಗಿಸಿ, ಗುಂಡು ತಳ ಮುಟ್ಟಿದಾಗ ಗಜ ಎಲ್ಲಿ ನಿಲ್ಲುತ್ತದೆಂದು ಅದರ ಮೇಲೆ ಗೆರೆ ಹಾಕಿಟ್ಟುಕೊಂಡು ಪ್ರತಿ ಸಲವೂ ನೋಡಬೇಕು. ಹವೆಯ ಬಿಸಿಯನ್ನು ಯಾರೂ ತಗ್ಗಿಸಲಾರರು. ಕಿಟ್ಟವನ್ನು ಒರೆಸುವುದು ಮಾತ್ರ ಕೋವಿ ಹಿಡಿದವರ ಕೈಯಲ್ಲೇ ಇದೆ, ಗುರಿಯೂ ಸುರಕ್ಷತೆಯೂ ಅದೊಂದೇ ಕೆಲಸದಿಂದ ಬರುತ್ತವೆ.