ಮಚ್ಚು ಕಂಡಿತು, ಖಾತೆ ಪುಸ್ತಕ ಕಾಣಲಿಲ್ಲ



ಕಲಬುರಗಿಯ ಐವಾನ್-ಎ-ಶಾಹಿಯಲ್ಲಿ ನಿಂತು ಹೆಂಡ, ರೌಡಿ, ಸಿನಿಮಾ ಅಂತ ಮಾತಾಡಿದರೆ ಯಾರಿಗೂ ಮುಜುಗರ ಆಗಬೇಕಿಲ್ಲ. ಹೈದರಾಬಾದಿನ ನಿಜಾಮರು ಬಂದಾಗ ಇಳಿದುಕೊಳ್ಳುತ್ತಿದ್ದ ಜಾಗ ಇದು. ಅವರ ಬೊಕ್ಕಸಕ್ಕೆ ಹಣ ತಂದ ಬಾಬುಗಳಲ್ಲಿ ಆಬಕಾರಿಯದು ದೊಡ್ಡ ಪಾಲು.

ಮೊದಲು ಅಮೆರಿಕದ ಕಡೆ ನೋಡೋಣ. ಅಲ್ಲಿ ಪಾನನಿಷೇಧ ಜಾರಿಯಾದದ್ದು 1920ರ ಜನವರಿಯಲ್ಲಿ, ರದ್ದಾದದ್ದು 1933ರ ಡಿಸೆಂಬರಿನಲ್ಲಿ. ಕಾನೂನು ಇನ್ನೂ ಜೀವಂತ ಇರುವಾಗಲೇ ‘ಲಿಟಲ್ ಸೀಸರ್’, ‘ದಿ ಪಬ್ಲಿಕ್ ಎನಿಮಿ’, ‘ಸ್ಕಾರ್‌ಫೇಸ್’ ತೆರೆಗೆ ಬಂದವು. ಬಡ ಹುಡುಗ ಮೇಲೇರಿ ಧೊಪ್ಪನೆ ಬೀಳುವ ಕಥೆಯ ಅಚ್ಚು ಸಿದ್ಧವಾದದ್ದು ಆಗ. ಆದರೆ ಒಂದು ಚೋದ್ಯ ನೋಡಿ. ‘ಸ್ಕಾರ್‌ಫೇಸ್’ ನಾಯಕನ ಹಿಂದಿರುವ ಅಲ್ ಕಪೋನ್ ಗುಂಡಿಗೆ ಬೀಳಲಿಲ್ಲ. 1931ರಲ್ಲಿ ಆದಾಯ ತೆರಿಗೆ ತಪ್ಪಿಸಿದ್ದಕ್ಕೆ ಅವನಿಗೆ 11 ವರ್ಷ ಶಿಕ್ಷೆಯಾಯಿತು. ಹಿಡಿದುಕೊಟ್ಟದ್ದು ಲೆಕ್ಕದ ಪುಸ್ತಕ. ಸಿನಿಮಾಕ್ಕೆ ಅದು ರುಚಿಸಲಿಲ್ಲ. ನಾಯಕ ಪೊಲೀಸರ ಗುಂಡಿಗೇ ಸಾಯಬೇಕಾಯಿತು.

ಈ ತಪ್ಪನ್ನು ತಿದ್ದಿದ ಚಿತ್ರವೂ ಒಂದಿದೆ. ಬಡ್ ಬೋಟಿಕರ್ 1960ರಲ್ಲಿ ಮಾಡಿದ ‘ದಿ ರೈಸ್ ಅಂಡ್ ಫಾಲ್ ಆಫ್ ಲೆಗ್ಸ್ ಡೈಮಂಡ್’. ನಿಜವಾದ ಜ್ಯಾಕ್ ಡೈಮಂಡ್ ಹಲವು ಸಲ ಗುಂಡು ತಿಂದೂ ಬದುಕಿ, ಕಡೆಗೆ 1931ರ ಡಿಸೆಂಬರಿನಲ್ಲಿ ಆಲ್ಬನಿಯಲ್ಲಿ ಹತನಾದ. ಚಿತ್ರದ ಡೈಮಂಡ್ ಯುರೋಪ್ ಸುತ್ತಿ ಮರಳುವಷ್ಟರಲ್ಲಿ ದಂಧೆ ಮೇಜಿನ ಸುತ್ತ ಕೂತ ವ್ಯಾಪಾರಿಗಳ ಕೈಗೆ ಹೋಗಿರುತ್ತದೆ. ಅವರಿಗೆ ಇವನ ಧೈರ್ಯ ಬೇಕಿಲ್ಲ, ಇವನೇ ಬೇಕಿಲ್ಲ. ನನ್ನ ಮಟ್ಟಿಗೆ, ಆ ಮೂರು ದೊಡ್ಡ ಚಿತ್ರಗಳಿಗಿಂತ ಈ ಸಣ್ಣ ಬಜೆಟ್ಟಿನ ಚಿತ್ರವೇ ಹೆಚ್ಚು ಬಲ್ಲದು.

ಈಗ ನಮ್ಮ ಮನೆಗೆ ಬರೋಣ. 1995ರ ‘ಓಂ’ನಲ್ಲಿ ಉಪೇಂದ್ರ ನಿಜವಾದ ರೌಡಿಗಳನ್ನೇ ಕ್ಯಾಮೆರಾ ಮುಂದೆ ನಿಲ್ಲಿಸಿದರು. ಮುಖ ಅಸಲಿ, ಮಚ್ಚು ಅಸಲಿ ಅನ್ನಿಸುವಂತಿತ್ತು; ಮಚ್ಚು ಹಿಡಿದವನಿಗೆ ದುಡ್ಡು ಎಲ್ಲಿಂದ ಬರುತ್ತದೆ ಅನ್ನೋದು ಮಾತ್ರ ಮಂಜುಮಂಜು. ಅಗ್ನಿ ಶ್ರೀಧರ್ ಅವರ ‘ದಾದಾಗಿರಿಯ ದಿನಗಳು’ ಆಧರಿಸಿ ಕೆ.ಎಂ. ಚೈತನ್ಯ 2007ರಲ್ಲಿ ಮಾಡಿದ ‘ಆ ದಿನಗಳು’ ಬಹಳ ಮುಂದೆ ಹೋಯಿತು. ಅಬ್ಬರ ಇಳಿಸಿತು, ಬೆಂಗಳೂರಿನ ಡಾನ್‌ಗಳಾದ ಜಯರಾಜ್ ಮತ್ತು ಕೊತ್ವಾಲ್ ರಾಮಚಂದ್ರ ಇಬ್ಬರನ್ನೂ ಮನುಷ್ಯರಂತೆ ತೋರಿಸಿತು. 2022ರ ‘ಹೆಡ್ ಬುಷ್’ ಜಯರಾಜ್‌ನ ಏಳಿಗೆಗೆ ರಾಜಕೀಯದ ಏಣಿ ಯಾರು ಕೊಟ್ಟರು ಎಂಬಲ್ಲಿಗೂ ಬಂತು. ಅಷ್ಟಾದರೂ ನಮ್ಮ ತೆರೆಯ ಭೂಗತ ಲೋಕ ಬಹುಪಾಲು ಬೆಂಗಳೂರಿನದೇ, ಅಲ್ಲಿ ಎಣಿಕೆಯಾಗುವುದು ಹೆಣಗಳೇ.

‘ಆ ದಿನಗಳು’ ಬಂದ ಅದೇ 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಹರಾಜು ಹಿಡಿಯುವ ಗುತ್ತಿಗೆದಾರ, ಪ್ಯಾಕೆಟ್ಟು ಸಾಗಿಸುವ ಜೀಪು, ಬೇರೆಯವರ ಮಾಲು ಊರೊಳಗೆ ಬಾರದಂತೆ ಕಾಯುವ ಹುಡುಗರು, ಹೀಗೆ ಒಂದು ಇಡೀ ವ್ಯವಸ್ಥೆ ಹಳ್ಳಿಹಳ್ಳಿಯಲ್ಲೂ ಇತ್ತು. ಮರುವರ್ಷ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರದ ಕಡೆ ಮತ್ತು ತಮಿಳುನಾಡಿನ ಗಡಿಯಲ್ಲಿ ಕಳ್ಳಭಟ್ಟಿ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು. ಲಾಂಗು ಬೀಸಿ ಅಷ್ಟು ಜನರನ್ನು ಕೊಂದ ರೌಡಿ ಯಾವ ಸಿನಿಮಾದಲ್ಲೂ ಇಲ್ಲ. ಅವರನ್ನು ಕೊಂದವನಿಗೆ ಹೀರೋಯಿಸಂ ಇಲ್ಲ, ಹಿನ್ನೆಲೆ ಸಂಗೀತವೂ ಇಲ್ಲ.

ನಮ್ಮ ಭಾಗಕ್ಕಂತೂ ಕಥೆ ಹುಡುಕಲು ದೂರ ಹೋಗಬೇಕಿಲ್ಲ. 1956ರವರೆಗೆ ಅಫಜಲಪುರ ಹೈದರಾಬಾದಿಗೆ, ಇಂಡಿ-ಸಿಂದಗಿ ಮುಂಬಯಿಗೆ ಸೇರಿದ್ದವು. 1950ರಿಂದ ಮುಂಬಯಿ ರಾಜ್ಯದಲ್ಲಿ ಪೂರ್ತಿ ಪಾನನಿಷೇಧ. ಈ ಕಡೆಗೆ ಬೇರೆ ಸರ್ಕಾರ, ಬೇರೆ ಆಬಕಾರಿ ಕಾಯ್ದೆ. ನಡುವೆ ಇದ್ದದ್ದು ಭೀಮಾ ನದಿ, ಬೇಸಿಗೆಯಲ್ಲಿ ಮೊಣಕಾಲುದ್ದ ನೀರು. ರಾತ್ರಿ ಏನೇನು ದಾಟಿತು? ವಿಜಯಪುರದ ಹಳೆಯ ಪೊಲೀಸ್ ಕಡತ, ಅಫಜಲಪುರದ ಮುದುಕರ ನೆನಪು, ಎರಡನ್ನೂ ಪಕ್ಕಪಕ್ಕ ಇಟ್ಟು ಓದುವ ಸಂಶೋಧಕರು ಈ ಸಭೆಯಲ್ಲಿ ಇದ್ದರೆ ನನಗೆ ಖುಷಿ.

ಅದು ಹಳೆಯ ಮಾತಾಯಿತು ಅನ್ನುವವರಿಗೆ ಇವತ್ತಿನದೂ ಇದೆ. ಸಿ.ಎಚ್. ಪೌಡರ್, ಅಂದರೆ ಕ್ಲೋರಲ್ ಹೈಡ್ರೇಟ್, ಬೆರೆಸಿದ ಕಲಬೆರಕೆ ಸೇಂದಿಯ ಸುದ್ದಿ ಕಲಬುರಗಿ, ರಾಯಚೂರಿನವರಿಗೆ ಹೊಸದಲ್ಲ. ಈಚಲು ಮರವೇ ಇಲ್ಲದ ಊರಲ್ಲೂ ಸೇಂದಿ ಸಿಗುವುದು ಆ ಪುಡಿಯ ಮಹಿಮೆಯಿಂದ. ಸಿಕ್ಕಿಬೀಳುವವನು ಸಾಮಾನ್ಯವಾಗಿ ಗಡಿಗೆ ಮುಂದೆ ಕೂತವನು. ಪುಡಿ ತರಿಸಿದವನು ಯಾರು, ಯಾವ ಗಡಿ ದಾಟಿಸಿದ, ಲಾಭ ಯಾರ ಖಾತೆಗೆ ಹೋಯಿತು? ಈ ಸಂಕಿರಣದ ಪ್ರಬಂಧಗಳು ಅಲ್ಲಿಂದ ಶುರುವಾಗಲಿ, ಚಿತ್ರಕಥೆ ಬರೆಯುವ ಹುಡುಗರು ಮಧ್ಯಾಹ್ನದ ಗೋಷ್ಠಿಯಲ್ಲಿ ಅದನ್ನೇ ಕೇಳಲಿ.