ನಜೀರ್ ಸಾಬರು ಹಂಚಿದ ಅಧಿಕಾರ

(ಶಿಡ್ಲಘಟ್ಟ ತಾಲೂಕಿನ ದಿಬ್ಬೂರಹಳ್ಳಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಚುನಾವಣೆಯ ಫಲಿತಾಂಶ ಬಂದ ದಿನ ನಮ್ಮ ಮೊಹಲ್ಲಾಗಳ ಚಹಾದಂಗಡಿಗಳಲ್ಲಿ ಕೇಳಿಬರುವ ಪ್ರಶ್ನೆ ಒಂದೇ: ‘ನಮ್ಮವರು ಎಷ್ಟು ಮಂದಿ ಗೆದ್ದರು?’ 2005-06ರಲ್ಲಿ ಮುಮ್ತಾಜ್ ಬೇಗಂ ಅವರು ಬೆಂಗಳೂರಿನ ಮೇಯರ್ ಆಗಿದ್ದರು. 2020ರ ಜನವರಿಯಲ್ಲಿ ತಸ್ನೀಂ ಅವರು ಮೈಸೂರಿನ ಮೊದಲ ಮುಸ್ಲಿಂ ಮಹಿಳಾ ಮೇಯರ್ ಎನಿಸಿದರು. ನಾವು ಸಂತೋಷಪಟ್ಟೆವು, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಅವರಿಗೆ ದೊರೆತ ಕುರ್ಚಿಯ ಅವಧಿ ಒಂದೇ ವರ್ಷ. ಆಡಳಿತದ ಸೂತ್ರವಿದ್ದುದು ಸರಕಾರ ನೇಮಿಸಿದ ಆಯುಕ್ತರ ಕೈಯಲ್ಲಿ. ಆ ಕುರ್ಚಿಯಲ್ಲಿ ಯಾವ ಜಾತಿಯವರು, ಯಾವ ಧರ್ಮದವರು ಕುಳಿತರೂ ಕಟ್ಟು ಇದೇ ಆಗಿತ್ತು. ಕುರ್ಚಿಯನ್ನು ಎಣಿಸುವ ನಾವು ಅದರ ಅಧಿಕಾರವೆಷ್ಟು ಎಂದು ಕೇಳಲಿಲ್ಲ.

ಈ ಪ್ರಶ್ನೆಯನ್ನು ಕೇಳಿದ ಒಬ್ಬ ರಾಜಕಾರಣಿಯನ್ನು ಇಂದು ಸ್ಮರಿಸಬೇಕಾಗಿದೆ. ಅವರೇ ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬ್.

1983ರಲ್ಲಿ ರಾಮಕೃಷ್ಣ ಹೆಗಡೆಯವರ ಜನತಾ ಸರಕಾರ ಬಂದಾಗ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಖಾತೆ ಅವರ ಪಾಲಿಗೆ ಬಂತು. ಮಳೆ ಕೈಕೊಟ್ಟ ವರ್ಷಗಳವು. ಊರೂರಿಗೆ ಕೊಳವೆ ಬಾವಿ ಕೊರೆಸಿ, ಕೈಪಂಪು ಹಾಕಿಸಿದ ಅವರನ್ನು ಜನರು ‘ನೀರ್ ಸಾಬ್’ ಎಂದು ಕರೆದರು. ಇದು ಯಾವ ಸಂಸ್ಥೆಯೂ ನೀಡಿದ ಬಿರುದಲ್ಲ. ಬಿಂದಿಗೆ ಹೊತ್ತ ತಾಯಂದಿರು ಇಟ್ಟ ಹೆಸರು. ವರ್ಷವಿಡೀ ಹರಿಯುವ ನದಿಯಿಲ್ಲದೆ, ಸಾವಿರ ಅಡಿಗೂ ಆಳಕ್ಕೆ ಕೊರೆದು ನೀರು ಹುಡುಕುವ ನಮ್ಮ ಈ ಸೀಮೆಯವರಿಗೆ ಆ ಹೆಸರಿನ ಬೆಲೆಯನ್ನು ವಿವರಿಸಬೇಕಾಗಿಲ್ಲ. ಆ ಪಂಪುಗಳು ಯಾರ ಜಾತಿಯನ್ನೂ ಕೇಳಲಿಲ್ಲ.

ಆದರೆ ಅವರ ದೊಡ್ಡ ಕೆಲಸ ನೀರಿನದಲ್ಲ, ಅಧಿಕಾರದ್ದು. ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯತಿಗಳ ಕಾಯ್ದೆಯನ್ನು ಅವರು 1983ರಲ್ಲಿ ತಂದರು. ರಾಷ್ಟ್ರಪತಿಗಳ ಅಂಕಿತ ದೊರೆತುದು 1985ರಲ್ಲಿ. ಚುನಾವಣೆ ನಡೆದುದು 1987ರ ಜನವರಿಯಲ್ಲಿ. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ ದೊರೆಯಿತು. ಐ.ಎ.ಎಸ್. ಅಧಿಕಾರಿಯಾದ ಮುಖ್ಯ ಕಾರ್ಯದರ್ಶಿಯು ಆ ಚುನಾಯಿತ ಅಧ್ಯಕ್ಷರ ಕೈಕೆಳಗೆ ಕೆಲಸ ಮಾಡಬೇಕಾಯಿತು. ಮೇಯರರಿಗೆ ಇಲ್ಲದ ಅಧಿಕಾರವನ್ನು ಹೀಗೆ ಹಳ್ಳಿಗಾಡಿನ ಪ್ರತಿನಿಧಿಗೆ ಕೊಡಲಾಯಿತು. ಮಹಿಳೆಯರಿಗೆ ಶೇ. 25 ಸ್ಥಾನಗಳು ಮೀಸಲಾದವು. ಸಂವಿಧಾನದ 73ನೇ ತಿದ್ದುಪಡಿ ಜಾರಿಗೆ ಬಂದು ದೇಶದಾದ್ಯಂತ ಇಂತಹ ಮೀಸಲಾತಿ ಕಡ್ಡಾಯವಾದುದು 1993ರಲ್ಲಿ ಎಂಬುದನ್ನು ನೆನೆದರೆ ಅವರ ದೂರದೃಷ್ಟಿ ತಿಳಿಯುತ್ತದೆ.

ಸಹೋದರರೇ, ಮಂತ್ರಿಯಾದವನು ಸಾಮಾನ್ಯವಾಗಿ ಅಧಿಕಾರವನ್ನು ಕೂಡಿಡುತ್ತಾನೆ. ಬಾವಿ, ರಸ್ತೆ, ಶಾಲೆ, ವರ್ಗಾವಣೆ ಎಲ್ಲಕ್ಕೂ ಜನ ತನ್ನ ಮನೆಬಾಗಿಲಿಗೆ ಬರಲೆಂದು ಬಯಸುತ್ತಾನೆ. ನಜೀರ್ ಸಾಬರು ತಮ್ಮ ಕೈಯಲ್ಲಿದ್ದುದನ್ನೇ ಹಂಚಿಬಿಟ್ಟರು. ತಮ್ಮ ಹಿಡಿತ ಸಡಿಲವಾಗುವುದೆಂದು ಶಾಸಕರು ಅಸಮಾಧಾನಗೊಂಡರೂ ಅವರು ಹಿಂಜರಿಯಲಿಲ್ಲ. ಅಧಿಕಾರವು ಅಮಾನತ್ತು ಎಂದು ನಾವು ಮಿಂಬರಿನ ಕೆಳಗೆ ಕುಳಿತು ಕೇಳುತ್ತೇವೆ. ಅಮಾನತ್ತನ್ನು ಅದರ ಒಡೆಯರಿಗೆ ಮರಳಿಸುವುದೆಂದರೆ ಇದೇ ಅಲ್ಲವೇ?

1988ರ ಅಕ್ಟೋಬರಿನಲ್ಲಿ ಅವರು ಕ್ಯಾನ್ಸರ್‌ನಿಂದ ತೀರಿಕೊಂಡರು. ಕೊನೆಯ ದಿನಗಳಲ್ಲಿ ನೋಡಲು ಬಂದ ಮುಖ್ಯಮಂತ್ರಿ ಎಸ್. ಆರ್. ಬೊಮ್ಮಾಯಿಯವರ ಬಳಿ ತಮಗಾಗಿ ಏನನ್ನೂ ಕೇಳದೆ, ಬಡವರಿಗೆ ಮನೆಗಳನ್ನು ಕೇಳಿದರೆಂದು ಅವರನ್ನು ಬಲ್ಲವರು ಹೇಳುತ್ತಾರೆ. ಮೈಸೂರಿನ ಗ್ರಾಮೀಣಾಭಿವೃದ್ಧಿ ತರಬೇತಿ ಸಂಸ್ಥೆಗೆ ಅವರ ಹೆಸರಿಡಲಾಗಿದೆ.

ಹೆಸರು ಉಳಿಯಿತು, ಕೆಲಸದ ಗತಿಯೇನು? ಜಿಲ್ಲಾ ಮತ್ತು ತಾಲೂಕು ಪಂಚಾಯತಿಗಳಿಗೆ 2016ರಲ್ಲಿ ಚುನಾವಣೆ ನಡೆಯಿತು. 2021ರಲ್ಲಿ ಅವಧಿ ಮುಗಿಯಿತು. ಬಳಿಕ ವರ್ಷಗಟ್ಟಲೆ ಅವು ಆಡಳಿತಾಧಿಕಾರಿಗಳ ವಶದಲ್ಲಿ ಉಳಿದವು. ಯಾವ ಪಕ್ಷದ ಸರಕಾರಕ್ಕೂ ಅವಸರವಿರಲಿಲ್ಲ. ನೋವಿನ ಸಂಗತಿಯೆಂದರೆ, ನಮಗೂ ಇರಲಿಲ್ಲ. ವಿಧಾನಸಭೆಯ ಟಿಕೆಟ್ ನಮ್ಮವರಿಗೆ ತಪ್ಪಿದಾಗ ಸಭೆ ಸೇರುವ ನಾವು, ನಮ್ಮೆಲ್ಲರ ಮತವೇ ಮೂಲೆಗೆ ಬಿದ್ದಾಗ ಬಾಯಿ ತೆರೆಯಲಿಲ್ಲ.

ಆದುದರಿಂದ ನಮ್ಮ ವಿನಂತಿ ಸಣ್ಣದು. ಮುಂದಿನ ಗ್ರಾಮಸಭೆಗೆ ಮನೆಗೊಬ್ಬರಾದರೂ ಹೋಗೋಣ, ಹೆಣ್ಣುಮಕ್ಕಳನ್ನೂ ಕರೆದೊಯ್ಯೋಣ. ಕುಡಿಯುವ ನೀರಿಗೆ ಬಂದ ಹಣವೆಷ್ಟು, ಖರ್ಚಾದುದೆಷ್ಟು ಎಂದು ಕೇಳೋಣ. ನಮ್ಮ ಬೀದಿಗಾಗಿ ಮಾತ್ರವಲ್ಲ, ಪಕ್ಕದ ದಲಿತ ಕೇರಿಗಾಗಿಯೂ ಕೇಳೋಣ. ನಮ್ಮವರು ಎಷ್ಟು ಮಂದಿ ಗೆದ್ದರು ಎಂಬುದಕ್ಕಿಂತ, ಗೆದ್ದವರಿಂದ ಎಷ್ಟು ಮಂದಿಯ ಬಿಂದಿಗೆ ತುಂಬಿತು ಎಂಬ ಲೆಕ್ಕವನ್ನು ನಮ್ಮ ಮಕ್ಕಳು ಕಲಿಯಲಿ.